ಹದಿನೇಳನೇ ಸಾಲು

ತಿಕೋಟಾದ ಹೈಸ್ಕೂಲಿನಲ್ಲಿ ನಾನು ಮೂವತ್ತಮೂರು ವರ್ಷ ಗಣಿತ ಕಲಿಸಿದೆ. ಅಷ್ಟು ವರ್ಷದಲ್ಲಿ ಯಾರಿಗೂ ಒಂದು ಅಂಕ ಪುಕ್ಕಟೆ ಕೊಟ್ಟಿಲ್ಲ. ಪಾಸಾಗಲು ಮೂವತ್ತೈದು ಬೇಕು ಎಂದರೆ ಮೂವತ್ತೈದೇ ಬೇಕು. ಒಂದು ಅಂಕ ಕಡಿಮೆ ಬಿದ್ದ ಹುಡುಗನ ಅಪ್ಪ ಮನೆಗೆ ಬಂದು, ಚಹಾ ಕುಡಿದು, ಮಳೆ ಬೆಳೆಯ ಮಾತಾಡಿ, ಕೊನೆಗೆ ನಿಧಾನವಾಗಿ ವಿಷಯಕ್ಕೆ ಬಂದರೆ, ನಿಮ್ಮ ಚಪ್ಪಲಿ ಬಾಗಿಲ ಎಡಕ್ಕಿದೆ ಎಂದು ನೆನಪು ಮಾಡಿಕೊಡುತ್ತಿದ್ದೆ. ರಾಜರತ್ನ ಎಂಬ ನನ್ನ ಹೆಸರು ಶಾಲೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಉತ್ತರ ಪತ್ರಿಕೆಯ ಮೇಲೆ ನಾನು ಎಳೆಯುತ್ತಿದ್ದ ಕೆಂಪು ಗೀರಿನಿಂದಾಗಿ ಬೆನ್ನ ಹಿಂದೆ ಎಲ್ಲರೂ ‘ಗೀರು ಮಾಸ್ತರ’ ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಆ ಹೆಸರು ನನಗೆ ಇಷ್ಟವೇ ಆಗಿತ್ತು.

ನನ್ನ ಮಗಳು ಆಮ್ರಪಾಲಿ ಒಂಬತ್ತನೇ ತರಗತಿಯಲ್ಲಿ ನನ್ನ ಕೈಕೆಳಗೇ ಓದುತ್ತಿದ್ದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ಗಣಿತಕ್ಕೆ ಮೂವತ್ತನಾಲ್ಕು ಬಿತ್ತು. ಎಲ್ಲಾದರೂ ಒಂದು ಅಂಕ ಅಡಗಿ ಕೂತಿದೆಯೇ ಎಂದು ಪತ್ರಿಕೆಯನ್ನು ಮೂರು ಸಲ ತಿರುವಿ ಹಾಕಿದೆ. ಇರಲಿಲ್ಲ. ಮೂವತ್ತನಾಲ್ಕು ಎಂದು ಬರೆದು ಕೆಳಗೆ ಗೀರು ಎಳೆದೆ. “ಮೂರ ಸಲ ಹುಡುಕಿದೆ ನೋಡವಾ, ಸಿಗಲಿಲ್ಲ” ಎಂದು ಪತ್ರಿಕೆಯನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ನನ್ನ ಹೆಂಡತಿ ಚಂದ್ರಾಬಾಯಿ ಮಾತ್ರ ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ, ಊಟದ ತಾಟನ್ನು ಸದ್ದು ಮಾಡಿ ಇಟ್ಟು ಹೋಗುತ್ತಿದ್ದಳು. ಮುಂದಿನ ಪರೀಕ್ಷೆಯಲ್ಲಿ ಆಮ್ರಪಾಲಿ ಎಪ್ಪತ್ತೊಂದು ತಂದಳು. ಅದನ್ನು ಕೂಡ ನಾನು ಮೂರು ಸಲ ತಿರುವಿ ನೋಡಿದೆ, ಈ ಸಲ ಎಲ್ಲಾದರೂ ಹೆಚ್ಚಿಗೆ ಕೊಟ್ಟಿದ್ದೇನೆಯೇ ಎಂದು.

ಇನ್ನು ನಮ್ಮ ಹೊಲದ ವಿಷಯ. ಬಬಲೇಶ್ವರದ ಹತ್ತಿರ ಜೈನಾಪುರದಲ್ಲಿ ನಮಗೆ ಎರಡು ಎಕರೆ ಹತ್ತು ಗುಂಟೆ ಇದೆ. ನನ್ನ ಅಪ್ಪ ಕರೆಪ್ಪ ಕಂಡವರ ಹೊಲದಲ್ಲಿ ದುಡಿದವನು. ಭೂಮಿ ಇಲ್ಲದವರಿಗೆ ಸರ್ಕಾರ ಭೂಮಿ ಹಂಚಿದಾಗ ಅವನ ಪಾಲಿಗೆ ಬಂದದ್ದು ಊರಿನಲ್ಲಿ ಯಾರಿಗೂ ಬೇಡವಾಗಿದ್ದ ಸವಳು ಹೊಲ. ಬೇಸಿಗೆಯಲ್ಲಿ ಅಲ್ಲಿ ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಏಳುತ್ತದೆ. ಬಾವಿಯ ನೀರನ್ನು ಎಮ್ಮೆ ಕೂಡ ಮೂಸಿ ನೋಡಿ ಮುಖ ತಿರುಗಿಸುತ್ತದೆ. ಬಿತ್ತಿದ್ದರಲ್ಲಿ ಅರ್ಧ ಮೊಳೆಯುವುದಿಲ್ಲ, ಮೊಳೆತದ್ದರಲ್ಲಿ ಅರ್ಧ ಉಳಿಯುವುದಿಲ್ಲ. ಊರವರು ಅದಕ್ಕೆ ‘ಉಪ್ಪಿನ ಡಬ್ಬಿ’ ಎಂದು ಹೆಸರಿಟ್ಟಿದ್ದರು. ಅಪ್ಪ ಸಾಯುವತನಕ ಅದನ್ನು ಮಾರಲಿಲ್ಲ. ಮಾರುತ್ತೇನೆಂದರೂ ಕೊಳ್ಳುವವರಿರಲಿಲ್ಲ, ಅದು ಬೇರೆ ಮಾತು.

ಆಮ್ರಪಾಲಿ ಕೃಷಿ ಓದಿದಳು. ಆಮೇಲೆ ಪಿಎಚ್.ಡಿ.ಗೆ ಸೇರಿ, ಹತ್ತಿ ಗಿಡ ಉಪ್ಪನ್ನು ಹೇಗೆ ತಾಳುತ್ತದೆ ಎಂಬುದನ್ನೇ ವಿಷಯವಾಗಿ ತೆಗೆದುಕೊಂಡಳು. ಅಷ್ಟು ಉಪ್ಪಿರುವ ಹೊಲ ಎಲ್ಲಿಂದ ತರುತ್ತೀ ಎಂದು ಅವಳ ಗೈಡ್ ಕೇಳಿದರಂತೆ. ನಮ್ಮ ಮನೆಯಲ್ಲೇ ಒಂದು ಡಬ್ಬಿ ಇದೆ ಸರ್ ಎಂದಳಂತೆ ಇವಳು. ಈ ಮಾತನ್ನು ನಾನು ವಿಜಯಪುರದ ಜಲನಗರದಲ್ಲಿ ನಮ್ಮ ಓಣಿಯ ಪ್ರತಿಯೊಬ್ಬರಿಗೂ ಹೇಳಿದ್ದೇನೆ, ಕೆಲವರಿಗೆ ಎರಡು ಸಲ.

ಇಪ್ಪತ್ತನಾಲ್ಕು ಬಗೆಯ ಹತ್ತಿಯನ್ನು ಅವಳು ಎರಡು ವರ್ಷ ಕುಂಡಗಳಲ್ಲಿ ಬೆಳೆಸಿ ನೋಡಿದಳು. ಮೂರನೇ ವರ್ಷ ನಿಜವಾದ ಹೊಲದಲ್ಲಿ ಕೊನೆಯ ಪರೀಕ್ಷೆ. ಒಂದೊಂದು ಬಗೆಗೆ ಒಂದೊಂದು ಸಾಲು, ಸಾಲಿಗೆ ಇಪ್ಪತ್ತು ಗಿಡ, ಸಾಲಿನ ತುದಿಗೆ ನಂಬರು ಬರೆದ ತಗಡು. ಮಳೆ ಕೈಕೊಟ್ಟಾಗ ಆ ಸವಳು ಬಾವಿಯ ನೀರನ್ನೇ ಎಲ್ಲಕ್ಕೂ ಸಮನಾಗಿ ಹಾಕಬೇಕು. ಯಾವ ಸಾಲು ತಾಳಿ ನಿಲ್ಲುತ್ತದೋ ಅದರ ಬೀಜವನ್ನು ಹೆಚ್ಚಿಸಿ, ಉಪ್ಪೇರಿದ ಹೊಲವಿರುವ ರೈತರಿಗೆ ಕೊಡುತ್ತಾರೆ. ಆಮ್ರಪಾಲಿಯ ಮತ್ತು ಅವಳ ಗೈಡಿನ ಭರವಸೆಯೆಲ್ಲ ಒಂಬತ್ತನೇ ಸಾಲಿನ ಮೇಲಿತ್ತು. ಹದಿನೇಳನೆಯದರ ಬೀಜ ನೋಡಿ ನಾನು ನಕ್ಕಿದ್ದೆ. ನಮ್ಮ ಶಾಲೆಯ ಹಿಂದೆ, ಬೋರಿನ ಉಪ್ಪು ನೀರು ಹರಿದು ಹೋಗುವ ಚರಂಡಿಯ ದಡದಲ್ಲಿ ತಾನಾಗಿ ಹುಟ್ಟಿದ ಒಂದು ಹತ್ತಿ ಗಿಡವಿತ್ತಂತೆ, ಅದರ ಬೀಜ. ಅಂಥದ್ದೊಂದು ಗಿಡ ಅಲ್ಲಿದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಜೂನಿನಲ್ಲಿ ಬಿತ್ತಿದ್ದಾಯಿತು, ಜುಲೈನಲ್ಲಿ ಮಳೆ ನಿಂತಿತು. ಅದೇ ಹೊತ್ತಿಗೆ ಆಮ್ರಪಾಲಿ ಎಲೆಗಳನ್ನು ಪರೀಕ್ಷೆ ಮಾಡಿಸಲು ಧಾರವಾಡಕ್ಕೆ ಹತ್ತು ದಿನ ಹೋಗಬೇಕಾಯಿತು. ಹೊಲ ನನ್ನ ಪಾಲಿಗೆ ಬಂತು.

“ಅಪ್ಪಾ, ದಿನಾ ಸಾಲಿಗೆ ನಾಕ ಕೊಡ ನೀರ, ಸವಳ ಬಾವೀದು. ಒಂದ ಹನಿ ಹೆಚ್ಚು ಬ್ಯಾಡ, ಕಡಿಮಿ ಬ್ಯಾಡ. ಸಾಯೂವು ಸಾಯ್ಲಿ” ಎಂದಳು.

“ನನಗ ಶಿಸ್ತು ಕಲಸಾಕತ್ತಿ ಏನಬೇ ನೀ?”

“ಇಲ್ಲಪಾ. ನೀ ಇದ್ದಿ ಅಂತನ ಧೈರ್ಯದಿಂದ ಹೊಂಟೇನಿ.”

ಬೆಳಿಗ್ಗೆ ಆರಕ್ಕೆ ಜಲನಗರದಿಂದ ಹೊರಟು, ಬಬಲೇಶ್ವರದ ತನಕ ಬಸ್ಸು, ಅಲ್ಲಿಂದ ಟಂಟಂ ಆಟೊ. ಹೊಲದ ಪಕ್ಕದಲ್ಲೇ ಮನೆಯಿರುವ ಪರಸವ್ವ ನನಗೆ ಬಾವಿಯಿಂದ ನೀರು ಸೇದಿ ಕೊಡುತ್ತಿದ್ದಳು, ನಾನು ಎಣಿಸಿ ಎಣಿಸಿ ಹಾಕುತ್ತಿದ್ದೆ. ಎರಡು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಮೂರನೇ ದಿನ ಎಲೆಗಳ ಅಂಚು ಬೀಡಿ ತಾಗಿಸಿದ ಕಾಗದದ ಹಾಗೆ ಸುಟ್ಟಿದ್ದು ಕಂಡಿತು. ನಾಲ್ಕನೇ ದಿನ ಕೆಲವು ಸಾಲುಗಳು ಕತ್ತು ಚೆಲ್ಲಿದ್ದವು. ಒಂಬತ್ತನೇ ಸಾಲು ಕೂಡ ಬಾಡಿತ್ತು.

ಮೇಲಿನ ಹೊಲದ ಅಮರಪ್ಪ ತನ್ನ ಕಬ್ಬಿಗೆ ನೀರು ತಿರುವಿ ಬದುವಿನ ಮೇಲೆ ನಿಂತಿದ್ದ. ಅವನ ಆಳುಗಳಿಬ್ಬರೂ ಜೊತೆಗಿದ್ದರು.

“ಮಾಸ್ತರ, ನಿಮ್ಮ ಮಗಳು ಹತ್ತಿ ಬೆಳ್ಯಾಕತ್ತಾಳೋ, ಉಪ್ಪಿನಕಾಯಿ ಹಾಕಾಕತ್ತಾಳೋ?”

ಆಳುಗಳು ನಕ್ಕರು. ನಾನು ಕೊಡ ಎತ್ತಿಕೊಂಡು ಮುಂದಿನ ಸಾಲಿಗೆ ಹೋದೆ. ನನ್ನ ಅಪ್ಪನೂ ಇದೇ ಬದುವಿನ ಕೆಳಗೆ ನಿಂತು ಇಂಥ ಮಾತು ಕೇಳಿಸಿಕೊಂಡು ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದ. ಅವತ್ತು ವಿಜಯಪುರಕ್ಕೆ ಬಂದವನು ಮನೆಗೆ ಹೋಗದೆ ನೇರ ಸ್ಟೇಷನ್ ರಸ್ತೆಗೆ ಹೋಗಿ ಎರಡು ಹೊಸ ಕೊಡ ಕೊಂಡೆ. ಬಾವಿಯ ಕೊಡದಲ್ಲಿ ಸಿಹಿ ನೀರು ತುಂಬುವುದು ಬೇಡವಾಗಿತ್ತು ನನಗೆ. ತಪ್ಪು ಮಾಡುವಾಗಲೂ ಅಚ್ಚುಕಟ್ಟು ಬಿಡದ ಮನುಷ್ಯ ನಾನು.

ಮಾರನೇ ದಿನ ಪರಸವ್ವನಿಂದ ಅವಳ ಮನೆ ಮುಂದಿನ ನಳದ ಸಿಹಿ ನೀರು ತುಂಬಿಸಿಕೊಂಡೆ. ಆದರೆ ಇಪ್ಪತ್ತನಾಲ್ಕು ಸಾಲಿಗೂ ಹಾಕುವಷ್ಟು ತ್ರಾಣ ನನಗಿರಲಿಲ್ಲ. ಹಾಗಾಗಿ ಸಾಲುಗಳ ನಡುವೆ ಓಡಾಡಿ ಮನಸ್ಸಿನಲ್ಲೇ ಅಂಕ ಕೊಟ್ಟೆ. ಒಂಬತ್ತನೆಯದೂ ಸೇರಿ ಒಂಬತ್ತು ಸಾಲು ಬಾಡಿದ್ದರೂ ಹಸಿರಾಗಿದ್ದವು, ಸ್ವಲ್ಪ ಕೈಹಿಡಿದರೆ ಪಾಸಾಗುವಂಥವು. ಉಳಿದವು ಪೂರ್ತಿ ಫೇಲು. ಹದಿನೇಳನೆಯದರಲ್ಲಿ ಹನ್ನೊಂದು ಗಿಡ ಉಳಿದಿದ್ದವು, ಆದರೆ ಗೇಣುದ್ದದಲ್ಲೇ ಮುದುಡಿಕೊಂಡು, ಬೆಳೆಯುವ ಆಸೆಯೇ ಇಲ್ಲದ ಹಾಗೆ ಕೂತಿದ್ದವು. ಐದು ಅಂಕ ತಂದವನಿಗೆ ಯಾರಾದರೂ ಕೃಪಾಂಕ ಕೊಡುತ್ತಾರೆಯೇ? ಅದನ್ನು ದಾಟಿ ಮುಂದೆ ಹೋದೆ. ಒಂಬತ್ತು ಸಾಲಿಗೆ ದಿನಕ್ಕೆ ಎರಡೆರಡು ಕೊಡ ಸಿಹಿ ನೀರು ಬಿತ್ತು.

“ಸರ, ಅಕ್ಕಾರು ಸವಳ ನೀರ ಅಂದಿದ್ರಲ್ರಿ” ಎಂದಳು ಪರಸವ್ವ.

“ಅದನ್ನೂ ಹಾಕಾಕತ್ತೇನಿ. ನೀ ಅಕ್ಕಾರಿಗೆ ಏನೂ ಹೇಳಬ್ಯಾಡ.”

“ನಾ ಹೇಳೂದಿಲ್ರಿ. ಗಿಡ ಹೇಳತಾವ.”

ಆ ಮಾತು ನನಗೆ ಹಿಡಿಸಲಿಲ್ಲ. ಆದರೆ ನಾಲ್ಕು ದಿನದಲ್ಲಿ ಒಂಬತ್ತು ಸಾಲೂ ತಲೆ ಎತ್ತಿದವು. ಅಮರಪ್ಪ ಬದುವಿನ ಮೇಲೆ ಬಂದು ನಿಂತು, ನೋಡಿ, ಬಾಯಿ ತೆರೆಯದೆ ಹೋದ. ಅವತ್ತು ಟಂಟಂನಲ್ಲಿ ಬರುವಾಗ ಡ್ರೈವರನಿಗೆ ಹತ್ತಿಯ ಬಗ್ಗೆ ಬಬಲೇಶ್ವರ ಬರುವ ತನಕ ಪಾಠ ಮಾಡಿದೆ.

ಆಮ್ರಪಾಲಿ ಧಾರವಾಡದಿಂದ ಬಂದವಳೇ ಹೊಲಕ್ಕೆ ಹೋದಳು. ಮಣ್ಣಿನಲ್ಲಿ ಉಪ್ಪು ಎಷ್ಟಿದೆ ಎಂದು ಹೇಳುವ ಕೈ ಮೀಟರೊಂದು ಅವಳ ಬಳಿ ಇದೆ. ಪ್ರತಿ ಸಾಲಿನ ಬುಡದಲ್ಲಿ ಅದನ್ನು ಊರಿ, ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಳು. ಒಂಬತ್ತನೇ ಸಾಲಿನ ಹತ್ತಿರ ತುಂಬ ಹೊತ್ತು ಕೂತಳು. ಖುಷಿಯಾಗಿರಬೇಕು ಎಂದುಕೊಂಡೆ.

“ಬಾವಿ ನೀರ ಎಷ್ಟು ಹಾಕಿದೆಪಾ?”

“ನೀ ಹೇಳಿದಷ್ಟ. ನಾಕ ಕೊಡ.”

ಅದು ಸುಳ್ಳಲ್ಲ. ನಳದ ನೀರಿನ ಬಗ್ಗೆ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಇಂಥ ಉತ್ತರ ಬರೆದ ಹುಡುಗರಿಗೆ ನಾನು ಒಂದು ಕಾಲಕ್ಕೆ ಸೊನ್ನೆ ಕೊಟ್ಟಿದ್ದೇನೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನೋಟ್‌ಬುಕ್ ಮುಚ್ಚಿ, ನಾಳೆಯಿಂದ ಹೊಲ ನಾನೇ ನೋಡಿಕೊಳ್ಳುತ್ತೇನೆ ಎಂದಳು.

ಡಿಸೆಂಬರಿನಲ್ಲಿ ಕಾಯಿ ಒಡೆಯಿತು. ನಾನು ನೀರು ಹಾಕಿದ ಒಂಬತ್ತು ಸಾಲು ಬೆಳ್ಳಗೆ ನಿಂತಿದ್ದವು, ಉಳಿದ ಕಡೆ ಒಣ ಕಡ್ಡಿ. ಆ ಕಡ್ಡಿಗಳ ನಡುವೆ ಇನ್ನೇನಿದೆ ಎಂದು ಬಗ್ಗಿ ನೋಡುವ ಗೋಜಿಗೆ ನಾನು ಹೋಗಲಿಲ್ಲ. ಒಂದು ಬೆಳಿಗ್ಗೆ ಅಮರಪ್ಪ ಬದು ಇಳಿದು ನಮ್ಮ ಹೊಲದೊಳಗೆ ಬಂದ. ಅವನ ಮನೆತನದವರು ಆ ಬದು ಇಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಮಾಸ್ತರ, ಒಂಬತ್ತನೇ ಸಾಲಿನ ಬೀಜ ನನಗೂ ಒಂದಿಷ್ಟು ಕೊಡಸ್ರಿ” ಎಂದ. ದನಿ ಇಳಿಸಿ ಮುಂದುವರಿಸಿದ. “ಕಬ್ಬಿಗೆ ನೀರ ಹಾಯಿಸಿ ಹಾಯಿಸಿ ನಂದೂ ತೆಳಗಿನ ನಾಕ ಎಕರೆ ಸವಳಾಗೇತಿ. ಊರಾಗ ಯಾರಿಗೂ ಹೇಳಿಲ್ಲ. ನಿಮ್ಮನ್ನ ನಂಬಿ ಹೇಳಾಕತ್ತೇನಿ.”

ಕರೆಪ್ಪನ ಹೊಲದಲ್ಲಿ ನಿಂತು ಅಮರಪ್ಪ ಬೀಜ ಕೇಳುತ್ತಿದ್ದಾನೆ. ಅಪ್ಪ ಇರಬೇಕಿತ್ತು ಎಂದು ಅನ್ನಿಸಿ ಎದೆ ತುಂಬಿ ಬಂತು. ಅದರ ಹಿಂದೆಯೇ ಆ ಎರಡು ಹೊಸ ಕೊಡ ನೆನಪಾದವು. ಒಂಬತ್ತನೇ ಸಾಲು ಉಪ್ಪು ತಾಳಿ ನಿಂತದ್ದಲ್ಲ, ನನ್ನ ಕೊಡದ ನೀರು ಕುಡಿದು ನಿಂತದ್ದು. ಅದನ್ನು ನಂಬಿ ಬಿತ್ತಿದರೆ ಅಮರಪ್ಪನ ನಾಲ್ಕು ಎಕರೆಯೂ ಮೊದಲ ತಿಂಗಳಿಗೇ ಒಣಗುತ್ತದೆ. ಅಮರಪ್ಪನದಷ್ಟೇ ಅಲ್ಲ, ನಮ್ಮಂಥ ಎಷ್ಟೋ ಕರೆಪ್ಪಂದಿರದೂ. ಆ ಬೀಜದ ಮೇಲೆ ಇರುವುದು ನನ್ನ ಮಗಳ ಹೆಸರು.

ಅವತ್ತು ಊಟ ಸೇರಲಿಲ್ಲ. “ಏನಾಗೇತ್ರಿ ನಿಮಗ? ರೊಟ್ಟಿ ಬರೇ ಮುರದ ಮುರದ ಇಡಾಕತ್ತೀರಿ” ಎಂದಳು ಚಂದ್ರಾಬಾಯಿ. ಅವಳಿಗೆ ಎಲ್ಲ ಹೇಳಿದೆ. ಅವಳು ನನ್ನ ತಾಟನ್ನು ಬದಿಗೆ ಸರಿಸಿದಳು.

“ಮಗಳಿಗೆ ಕೊಡಲಾರದ ಮಾರ್ಕ್ ಗಿಡಕ್ಕ ಕೊಟ್ಟಿರಿ” ಎಂದಳು. “ಹೋಗಿ ಆಕಿ ಮುಂದ ಹೇಳ್ರಿ. ನಾ ಅಂತೂ ಹೇಳೂದಿಲ್ಲ.”

ಹೇಳಬೇಕೆಂದು ದಿನಾ ಎದ್ದೆ. ಮಗಳು ಚಹಾ ಕುಡಿಯುವಾಗ ಎದುರಿಗೆ ಕೂತೆ, ಹೇಳದೆ ಎದ್ದು ಹೋದೆ. ಮೂವತ್ತಮೂರು ವರ್ಷ ಬೇರೆಯವರ ತಪ್ಪಿನ ಮೇಲೆ ಗೀರು ಎಳೆದವನಿಗೆ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳುವುದು ಬರುವುದಿಲ್ಲ. ಹೀಗೆಯೇ ಜನವರಿ ಬಂತು, ಪರೀಕ್ಷಕರು ಬರುವ ದಿನವೂ ಬಂತು.

ಮೂವರು ಬಂದಿದ್ದರು. ಅವರಲ್ಲಿ ಹಿರಿಯರು ಬಟ್ಟೆಯ ಟೋಪಿ ಹಾಕಿಕೊಂಡ ಒಬ್ಬ ಮೇಡಂ, ಮಾತು ಕಡಿಮೆ. ಅವರನ್ನು ನೋಡಿದ ಕೂಡಲೇ ನಮ್ಮ ಜಾತಿಯವರು ಎಂದುಕೊಂಡೆ, ಅಂದರೆ ಕೃಪಾಂಕ ಕೊಡದ ಜಾತಿಯವರು. ಅಮರಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನಿಂತಿದ್ದ. ಪರಸವ್ವ ಸೆರಗು ಹೊದ್ದು ಬಾವಿಯ ಹತ್ತಿರವಿದ್ದಳು. ಮೇಡಂ ಒಂಬತ್ತನೇ ಸಾಲಿನ ಮುಂದೆ ನಿಂತು, ಒಂದು ಕಾಯಿ ಬಿಡಿಸಿ, ಅರಳೆಯನ್ನು ಎಳೆದು ನೋಡಿದರು.

“ಇದು ಚೆನ್ನಾಗಿ ಬಂದಿದೆಯಲ್ಲ” ಎಂದರು.

ಆಮ್ರಪಾಲಿ ಬಾಯಿ ತೆರೆಯುವುದರೊಳಗೆ ನಾನು ಮುಂದೆ ಹೋದೆ. 

“ಮೇಡಂ, ಇದಕ್ಕ ನಾ ಸಿಹಿ ನೀರ ಹಾಕೇನ್ರಿ. ಜುಲೈದಾಗ, ಮಗಳು ಊರಾಗ ಇಲ್ಲದಾಗ. ಇದೊಂದಕ್ಕ ಅಲ್ಲ, ಒಂಬತ್ತು ಸಾಲಿಗೆ. ಆಕಿಗೆ ಇದು ಗೊತ್ತಿಲ್ರಿ. ತಪ್ಪು ನಂದು.”

 ಅಮರಪ್ಪ ನನ್ನನ್ನು ನೋಡಿದ, ನಾನು ಅವನನ್ನು ನೋಡಲಿಲ್ಲ. ಆಮ್ರಪಾಲಿ ಚೀಲದಿಂದ ನೋಟ್‌ಬುಕ್ ತೆಗೆದು, ಒಂದು ಪುಟ ಬಿಡಿಸಿ, ಮೇಡಂಗೆ ಕೊಡುವ ಮೊದಲು ನನ್ನ ಕೈಗೆ ಕೊಟ್ಟಳು.

ಪುಟದ ಮೇಲೆ ಜುಲೈ ಹತ್ತೊಂಬತ್ತರ ತಾರೀಖಿತ್ತು, ಅವಳು ಧಾರವಾಡದಿಂದ ಬಂದ ದಿನ. ಇಪ್ಪತ್ತನಾಲ್ಕು ಸಾಲಿನ ನಂಬರು, ಮುಂದೆ ಮೀಟರಿನ ಅಂಕಿ. ಹದಿನೈದು ಸಾಲಿಗೆ ಹನ್ನೆರಡರ ಆಸುಪಾಸು, ಒಂಬತ್ತು ಸಾಲಿಗೆ ಮಾತ್ರ ಏಳು. ಆ ಒಂಬತ್ತೂ ಸಾಲುಗಳ ಮೇಲೆ ಉದ್ದಕ್ಕೆ ಕೆಂಪು ಗೀರು. ಅವಳ ಭರವಸೆಯ ಒಂಬತ್ತನೇ ಸಾಲಿನ ಮೇಲೂ ಅಷ್ಟೇ ನೆಟ್ಟಗಿನ ಗೀರು. ಪಕ್ಕದಲ್ಲಿ ಬರೆದಿದ್ದಳು: ‘ಸಿಹಿ ನೀರು ಬಿದ್ದಿದೆ. ಲೆಕ್ಕಕ್ಕಿಲ್ಲ. ಹಾಕಿದವರು:’ ಅದರ ಮುಂದೆ ಜಾಗ ಖಾಲಿ ಬಿಟ್ಟಿದ್ದಳು.

“ಗೊತ್ತಿದ್ದೂ ಆರ ತಿಂಗಳ ಸುಮ್ಮನಿದ್ದೆಲ್ಲ?” ಎಂದೆ.

“ಗೀರು ಎಳ್ಯೂದು ನನ್ನ ಕೆಲಸ, ಎಳದೆ. ಹೆಸರು ಹೇಳೂದು ನಿನ್ನ ಕೆಲಸ. ನೀ ಹೇಳ್ತಿ ಅಂತ ಗೊತ್ತಿತ್ತಪಾ, ಯಾವಾಗ ಅಂತ ಅಷ್ಟ ಗೊತ್ತಿರಲಿಲ್ಲ.”

ಅವಳ ಪೆನ್ನು ಇಸಿದುಕೊಂಡು ಆ ಖಾಲಿ ಜಾಗದಲ್ಲಿ ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ನಾಚಿಕೆಯಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಸಹಿಯ ಪಕ್ಕದಲ್ಲಿದ್ದ ಆ ಗೀರುಗಳನ್ನು ನೋಡಿ ನಾಚಿಕೆಗಿಂತ ದೊಡ್ಡದೊಂದು ಎದೆಯಲ್ಲಿ ಎದ್ದಿತು. ಮೂರು ವರ್ಷದ ದುಡಿಮೆಯ ಮೇಲೆ ಅವಳು ಎಳೆದ ಗೀರು ಎಲ್ಲೂ ಡೊಂಕಾಗಿರಲಿಲ್ಲ.

“ಹಾಗಾದರೆ ಉಳಿದದ್ದೇನು?” ಎಂದರು ಮೇಡಂ.

ಆಮ್ರಪಾಲಿ ಅವರನ್ನು ಒಣ ಕಡ್ಡಿಗಳ ನಡುವೆ ಕರೆದುಕೊಂಡು ಹೋದಳು. ಹದಿನೇಳನೇ ಸಾಲಿನಲ್ಲಿ ಹನ್ನೊಂದು ಗಿಡಗಳಿದ್ದವು. ಜುಲೈನಲ್ಲಿಯೂ ಹನ್ನೊಂದು, ಈಗಲೂ ಹನ್ನೊಂದು. ಮೊಣಕಾಲೆತ್ತರ ಅಷ್ಟೇ, ಆದರೆ ಕೊಂಬೆ ಕೊಂಬೆಗೂ ಕಾಯಿ ಒಡೆದಿತ್ತು. ಗಿಡ ಉಪ್ಪನ್ನು ಬೇರಿನಲ್ಲೇ ತಡೆದು, ಎಲೆಗೆ ಏರಗೊಡದೆ ನಿಂತಿದೆ ಎಂದು ಧಾರವಾಡದ ವರದಿ ತೋರಿಸಿದಳು. ನಾನು ಫೇಲು ಮಾಡಿ ದಾಟಿ ಹೋದದ್ದು ಇದನ್ನೇ. ಮುದುಡಿಕೊಂಡದ್ದು ಸಾಯುವುದಕ್ಕಲ್ಲ, ಬದುಕುವುದಕ್ಕೆ.

ಮೇಡಂ ಮಂಡಿಯೂರಿ ಬುಡ ನೋಡಿದರು. ಆಮೇಲೆ ಎದ್ದು ನನ್ನ ಕಡೆ ತಿರುಗಿದರು.

“ಇದಕ್ಕೂ ನೀರು ಹಾಕಿಲ್ಲ ಎಂದು ನಾನು ಹೇಗೆ ನಂಬಲಿ?”

ಕೇಳಬೇಕಾದ ಪ್ರಶ್ನೆಯೇ. ನಾನಾಗಿದ್ದರೂ ಕೇಳುತ್ತಿದ್ದೆ. ನನ್ನ ಒಂದು ತಪ್ಪಿನಿಂದ ಇಡೀ ಹೊಲದ ಮೇಲೆ ಅನುಮಾನ ಬಿದ್ದಿತ್ತು. 

“ಇದು ಉಳಿಯೂದಿಲ್ಲ ಅಂತ ಕೈಬಿಟ್ಟಿದ್ದೆರಿ” ಎಂದಷ್ಟೇ ಹೇಳಲಾಯಿತು.

“ಮೀಟರಿನ್ಯಾಗ ಇದು ಹನ್ನೆರಡರ ಮ್ಯಾಲೈತಿ, ನೋಡ್ರಿ ಮೇಡಂ” ಎಂದಳು ಆಮ್ರಪಾಲಿ. “ಅದೂ ಸಾಲದು ಅಂದ್ರ ಇನ್ನೊಂದು ಹೇಳತೇನಿ. ಒಂಬತ್ತನೇ ಕ್ಲಾಸಿನ್ಯಾಗ ನಮ್ಮಪ್ಪಾರ ನಮಗ ಗಣಿತ ಕಲಸ್ತಿದ್ರು. ನನಗ ಮೂವತ್ನಾಕು ಬಿತ್ತು. ಸ್ವಂತ ಮಗಳಿಗೆ ಒಂದ ಮಾರ್ಕ್ ಕೊಡಲಿಲ್ರಿ. ಈ ಹೊಲದಾಗ ಒಮ್ಮೆ ತಪ್ಯಾರ, ತಪ್ಪೇನಿ ಅಂತ ನಿಮ್ಮ ಮುಂದ ಅವರ ಹೇಳ್ಯಾರ. ಅಂಥವರು ಇದಕ್ಕ ಹಾಕಿಲ್ಲ ಅಂದ್ರ ಹಾಕಿಲ್ರಿ.”

ಬಾವಿಯ ಕಡೆಯಿಂದ ಪರಸವ್ವನ ದನಿ ಬಂತು. “ಹಾಕಿಲ್ರಿ ಬಾಯಾರ. ಕೊಡ ತುಂಬಿ ಕೊಟ್ಟಾಕಿ ನಾನ ಅದೇನಿ.”

ಮೇಡಂ ತಾವೇ ಮೀಟರು ಇಸಿದುಕೊಂಡು ಹದಿನೇಳನೇ ಸಾಲಿನ ಬುಡದಲ್ಲಿ ಮೂರು ಕಡೆ ಊರಿ ನೋಡಿದರು. ನೋಟ್‌ಬುಕ್ಕಿನಲ್ಲಿ ತಮ್ಮ ಸಹಿ ಹಾಕಿದರು. ಈ ಬೀಜವನ್ನು ಇನ್ನೊಂದು ವರ್ಷ ಬೇರೆ ಬೇರೆ ಊರಿನ ಸವಳು ಹೊಲಗಳಲ್ಲಿ ಬಿತ್ತಿ ನೋಡಬೇಕು ಎಂದರು. ಅಮರಪ್ಪ ಗಂಟಲು ಸರಿಮಾಡಿಕೊಂಡು ಮುಂದೆ ಬಂದ.

“ನನ್ನ ತೆಳಗಿನ ನಾಕ ಎಕರೆ ಐತ್ರಿ. ಸವಳೈತಿ” ಎಂದ, ಎಲ್ಲರಿಗೂ ಕೇಳಿಸುವ ಹಾಗೆ.

ಅವರು ಹೋದ ಮೇಲೆ ಆಮ್ರಪಾಲಿ ಸ್ಕೂಟಿ ಹತ್ತಿದಳು, ನಾನು ಹಿಂದೆ ಕೂತೆ. ವಿಜಯಪುರದ ದಾರಿ ಹಿಡಿಯದೆ ತಿಕೋಟಾದ ದಾರಿ ಹಿಡಿದಳು. ಶಾಲೆಗೆ ರಜೆ ಇತ್ತು. ಕಟ್ಟಡದ ಹಿಂದೆ, ಚರಂಡಿಯ ದಡದಲ್ಲಿ, ನನ್ನ ಭುಜದೆತ್ತರದ ಹತ್ತಿ ಗಿಡ. ಬುಡದ ಸುತ್ತ ಉಪ್ಪು ಬೆಳ್ಳಗೆ ಕಟ್ಟಿತ್ತು.

“ಮೂವತ್ನಾಕು ಬಿದ್ದಾಗ ಊಟದ ಬಿಡವಿನ್ಯಾಗ ಇಲ್ಲೇ ಈ ಗಿಡದ ಬಾಜೂ ಬಂದು ಕೂಡತಿದ್ದೆ” ಎಂದಳು. “ಮನ್ಯಾಗ ಅತ್ರ ಅವ್ವ ನಿನ್ನ ಜೋಡಿ ಇನ್ನೂ ಎಂಟ ದಿನ ಮಾತಾಡತಿರಲಿಲ್ಲ.”

ಗಿಡದ ಒಂದು ಎಲೆ ಮುಟ್ಟಿದೆ. ದಪ್ಪಗಿತ್ತು, ಅಂಚು ಸುಟ್ಟಿರಲಿಲ್ಲ. ಮೂವತ್ತಮೂರು ವರ್ಷ ನಾನು ಇದೇ ಗೋಡೆಯ ಆಚೆ ನಿಂತು ಪಾಠ ಹೇಳಿದ್ದೆ.

“ಈಗ ನೀ ತಿದ್ದಾಕಿ” ಎಂದೆ. “ನನಗೆಷ್ಟ ಹಾಕ್ತಿ, ಹೇಳ.”

ಅವಳು ನಿಜವಾಗಿಯೂ ಲೆಕ್ಕ ಹಾಕಿದಳು. ಅವಳ ಬೆರಳು ಆಡುವುದು ನನಗೆ ಕಂಡಿತು.

“ಮೂವತ್ನಾಕು.”

“ಒಂದ ಮಾರ್ಕ್ ಕಡಿಮಿ ಆತಲ್ಲಬೇ.”

“ಮೂರ ಸಲ ಹುಡುಕಿದೆಪಾ” ಎಂದಳು. “ಸಿಗಲಿಲ್ಲ.”

 ಇಷ್ಟು ಸರಿಯಾಗಿ ತಿದ್ದುವವರನ್ನು ನನ್ನ ಇಡೀ ಸರ್ವಿಸಿನಲ್ಲಿ ನಾನು ನೋಡಿರಲಿಲ್ಲ.